ಇಲಿಯ ಹಾಲು, ತಾಯಿಯ ಹಾಲು, ಮಧ್ಯೆ ಒಂದು ವೈರಸ್

ಸ್ತನ ಕ್ಯಾನ್ಸರ್ ವೈರಸ್‌ನಿಂದ ಬರುತ್ತಾ? ಸುಮಾರು 90 ವರ್ಷದಿಂದ ವಿಜ್ಞಾನಿಗಳು ಕೇಳ್ತಿರೋ ಪ್ರಶ್ನೆ ಇದು. ಕಥೆ ಶುರುವಾಗೋದು ಇಲಿಗಳಿಂದ.

ಅಮೆರಿಕದ ಮೇನ್ ರಾಜ್ಯದಲ್ಲಿ ಜಾಕ್ಸನ್ ಲ್ಯಾಬೊರೇಟರಿ ಅಂತ ಇದೆ. ಅಲ್ಲಿದ್ದ ಕೆಲವು ಇಲಿ ತಳಿಗಳಲ್ಲಿ ಸ್ತನ ಕ್ಯಾನ್ಸರ್ ತುಂಬಾ ಜಾಸ್ತಿ, ಕೆಲವದರಲ್ಲಿ ತೀರಾ ಕಮ್ಮಿ. ಎರಡನ್ನೂ ಕೂಡಿಸಿ ಮರಿ ಮಾಡಿಸಿ ನೋಡಿದರು. 1933ರಲ್ಲಿ ಹೊರಬಂದ ಫಲಿತಾಂಶ ವಿಚಿತ್ರವಾಗಿತ್ತು: ಮರಿಗೆ ರೋಗ ಬರುತ್ತೋ ಇಲ್ವೋ ಅನ್ನೋದು ಹೆಚ್ಚಾಗಿ ತಾಯಿಯ ತಳಿಯ ಮೇಲೆ ನಿಂತಿತ್ತು. ಬರೀ ಜೀನ್ ಕಾರಣ ಆಗಿದ್ರೆ ತಂದೆಯಿಂದಲೂ ಅಷ್ಟೇ ಬರಬೇಕಿತ್ತಲ್ವಾ?

ಅಲ್ಲಿನ ವಿಜ್ಞಾನಿ ಜಾನ್ ಬಿಟ್ನರ್ ಒಂದು ಸರಳ ಪ್ರಯೋಗ ಮಾಡಿದರು. ಕ್ಯಾನ್ಸರ್ ಜಾಸ್ತಿ ಇರುವ ತಳಿಯ ಮರಿಗಳನ್ನು ಹುಟ್ಟಿದ ಕೂಡಲೇ ಎತ್ತಿ, ಕ್ಯಾನ್ಸರ್ ಕಮ್ಮಿ ಇರುವ ತಳಿಯ ತಾಯಿಯ ಹತ್ತಿರ ಬಿಟ್ಟರು. ಸಾಕುತಾಯಿಯ ಹಾಲು ಕುಡಿದು ಬೆಳೆದ ಮರಿಗಳಲ್ಲಿ ಕ್ಯಾನ್ಸರ್ ಬಹಳ ಇಳಿದುಹೋಯ್ತು. 1936ರಲ್ಲಿ ಇದನ್ನು ಪ್ರಕಟಿಸಿದಾಗ ಅವರು ‘ವೈರಸ್’ ಅನ್ನಲಿಲ್ಲ. ಕ್ಯಾನ್ಸರ್‌ಗೆ ವೈರಸ್ ಕಾರಣ ಅನ್ನೋ ಮಾತನ್ನು ಆಗ ಹೆಚ್ಚಿನವರು ನಂಬುತ್ತಿರಲಿಲ್ಲ. ಹಾಲಿನಲ್ಲಿದ್ದದ್ದು ವೈರಸ್ಸೇ ಅಂತ ಆಮೇಲೆ ಖಚಿತವಾಯ್ತು.

ಹಾಗಾದ್ರೆ ಮನುಷ್ಯರಲ್ಲಿ? ಇಲ್ಲಿ ಕಥೆ ಮುಂಬೈಗೆ ಬರುತ್ತೆ. ಅಲ್ಲಿನ ಪಾರ್ಸಿ ಸಮುದಾಯದ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು. 1971ರಲ್ಲಿ ಅಮೆರಿಕದ ಡ್ಯಾನ್ ಮೂರ್ ಅವರ ತಂಡ ಒಂದು ವರದಿ ಕೊಟ್ಟಿತು: ಕೆಲವು ಅಮೆರಿಕನ್ ಮತ್ತು ಪಾರ್ಸಿ ತಾಯಂದಿರ ಎದೆಹಾಲಿನಲ್ಲಿ ಇಲಿಯ ವೈರಸ್ ಥರದ್ದೇ ಕಣಗಳು ಕಂಡಿವೆ. ಮನೆತನದಲ್ಲಿ ಕ್ಯಾನ್ಸರ್ ಇರುವ ತಾಯಿ ಮಗುವಿಗೆ ಹಾಲು ಕೊಡಬಹುದಾ ಅನ್ನೋ ಭಯ ಹುಟ್ಟೋಕೆ ಇಷ್ಟು ಸಾಕು.

ಆದರೆ ಕಣ ಕಾಣಿಸೋದು ಬೇರೆ, ಅದೇ ರೋಗಕ್ಕೆ ಕಾರಣ ಅಂತ ಸಾಬೀತಾಗೋದು ಬೇರೆ. ಆ ನಂಟು ಸಾಬೀತಾಗಲಿಲ್ಲ. 1995ರಲ್ಲಿ ನ್ಯೂಯಾರ್ಕ್‌ನ ತಂಡವೊಂದು, ಮನುಷ್ಯರ ಸ್ತನ ಗೆಡ್ಡೆಗಳಲ್ಲಿ ಇಲಿ ವೈರಸ್‌ಗೆ ಹೋಲುವ ಡಿಎನ್‌ಎ ತುಣುಕು ಸಿಕ್ಕಿದೆ ಅಂದಿತು. ಕೆಲವು ಲ್ಯಾಬ್‌ಗಳಿಗೆ ಅದು ಸಿಕ್ಕಿತು, ಕೆಲವಕ್ಕೆ ಸಿಗಲೇ ಇಲ್ಲ. ಲ್ಯಾಬ್‌ನಲ್ಲಿ ಇಲಿಯ ಡಿಎನ್‌ಎ ಒಂಚೂರು ಬೆರೆತರೂ ಪರೀಕ್ಷೆ ದಾರಿ ತಪ್ಪುತ್ತೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳಬೇಕಂದ್ರೆ, ಎಂಟ್ರಿ ಇದೆ, ವೋಚರ್ ಇಲ್ಲ.

ವೋಚರ್ ಸಿಕ್ಕಿದ ಕೇಸೂ ಇದೆ. ಗರ್ಭಕಂಠದ ಕ್ಯಾನ್ಸರ್‌ಗೆ ಎಚ್‌ಪಿವಿ ಕಾರಣ ಅಂತ ತೋರಿಸಿದ ಹೆರಾಲ್ಡ್ ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು, ಅದಕ್ಕೆ ಲಸಿಕೆಯೂ ಇದೆ. ಸ್ತನ ಕ್ಯಾನ್ಸರ್ ವಿಷಯದಲ್ಲಿ ಅಂಥ ಪುರಾವೆ ಇನ್ನೂ ಬಂದಿಲ್ಲ.

ಎದೆಹಾಲಿನ ಕಥೆ ಏನಾಯ್ತು? 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಹಾಲುಣಿಸಿದ ಪ್ರತಿ 12 ತಿಂಗಳಿಗೆ ತಾಯಿಯ ಸ್ತನ ಕ್ಯಾನ್ಸರ್ ಅಪಾಯ ಶೇ. 4.3ರಷ್ಟು ಇಳಿಯುತ್ತೆ ಅಂತ ಬಂತು. ಯಾವ ಹಾಲಿನ ಮೇಲೆ ಅನುಮಾನ ಇತ್ತೋ, ಅದನ್ನು ಕೊಡೋದೇ ತಾಯಿಗೆ ಒಂದಿಷ್ಟು ರಕ್ಷಣೆ.

ಹಾಗಾಗಿ ‘ವೈರಸ್‌ನಿಂದ ಸ್ತನ ಕ್ಯಾನ್ಸರ್’ ಅಂತ ವಾಟ್ಸಾಪ್‌ನಲ್ಲಿ ಏನಾದ್ರೂ ಬಂದ್ರೆ ಮೊದಲು ಕೇಳಿ: ಇದು ಇಲಿಯ ಲೆಕ್ಕವೋ, ಮನುಷ್ಯರದ್ದೋ? ಮನೆಯಲ್ಲಿ ಯಾರಿಗಾದ್ರೂ ಎದೆಯಲ್ಲಿ ಗಂಟು ಸಿಕ್ಕಿದ್ರೆ ಫಾರ್ವರ್ಡ್ ಓದ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.