ಗ್ರಂಥಾಲಯ ಒಳಾಂಗಣ ವಿನ್ಯಾಸ (ಗದಗ ಜಿಲ್ಲೆ)

ಓದುಗರನ್ನು ಸೆಳೆದು, ಕೂರಿಸಿಕೊಂಡು, ಮತ್ತೆ ಬರುವಂತೆ ಮಾಡುವ ಗ್ರಂಥಾಲಯದ ಜಾಗದ ಯೋಜನೆ. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದನ್ನು ಎಸ್. ಆರ್. ರಂಗನಾಥನ್ 1931ರಲ್ಲಿ ತಮ್ಮ ಐದು ಸೂತ್ರಗಳ ಮೊದಲನೆಯದಾಗಿಸಿದರು. ಬೀಗ ಹಾಕಿದ ಕಪಾಟು ಇದಕ್ಕೆ ನೇರ ವಿರುದ್ಧ.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗೆ 1965ರ ಕಾಯ್ದೆ ಆಧಾರ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಮುಂದೆ ‘ಅರಿವು ಕೇಂದ್ರ’ಗಳಾದವು. ಮಕ್ಕಳ ಸದಸ್ಯತ್ವಕ್ಕೆ ‘ಓದುವ ಬೆಳಕು’ ಅಭಿಯಾನ ಒತ್ತುಕೊಟ್ಟಿತು. ಮಕ್ಕಳು ಬಂದರೆ ಕಪಾಟು ಅವರ ಕೈಗೆಟುಕಬೇಕು, ಮುಖಪುಟ ಎದುರಿಗೆ ಕಾಣಬೇಕು. ಬೆನ್ನು ತೋರಿಸಿ ನಿಂತ ಪುಸ್ತಕವನ್ನು ಹುಡುಗರು ಮುಟ್ಟುವುದು ಕಡಿಮೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಒಣಹವೆಯ ಸೀಮೆ. ಸಂಜೆಯ ಬಿಸಿಲು ಹೊಡೆಯುವ ಪಶ್ಚಿಮದ ಗೋಡೆಗೆ ಕಪಾಟು ಒರಗಿಸಿ, ಓದುವ ಮೇಜನ್ನು ಉತ್ತರದ ಕಿಟಕಿಗೆ ಹಾಕುವುದು ಸರಿ: ಅಲ್ಲಿ ಬೆಳಕು ಸಮವಾಗಿದ್ದು ಕಣ್ಣು ಕುಕ್ಕುವುದಿಲ್ಲ. ಆದರೆ ಕಪಾಟು ಕಾದ ಗೋಡೆಗೆ ಅಂಟಬಾರದು, ನಡುವೆ ಗಾಳಿಯಾಡಲು ಸಂದು ಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪುಸ್ತಕದ ಭಾರವೂ ಸೇರುವುದರಿಂದ ಬುನಾದಿಯಲ್ಲಿ ಉಳಿತಾಯ ಮಾಡುವುದು ಪೆದ್ದತನ.

ಪತ್ರಿಕೆ ಓದುವ ಹಿರಿಯರ ಮಾತುಕತೆಗೆ ಬಾಗಿಲ ಬಳಿ, ಸ್ಪರ್ಧಾ ಪರೀಕ್ಷೆಯವರಿಗೆ ಒಳಗೆ ಜಾಗ ಕೊಟ್ಟರೆ ಜಗಳವಿಲ್ಲ. ಅಂಧ ಸಂಗೀತಗಾರರನ್ನು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಗದಗಿನಲ್ಲೇ ಇರುವಾಗ ಇಳಿಜಾರು ದಾರಿ, ಬ್ರೈಲ್ ಫಲಕ, ಧ್ವನಿಪುಸ್ತಕದ ಮೂಲೆಗಳನ್ನು ಇಲ್ಲಿ ಮೊದಲ ನಕ್ಷೆಯಲ್ಲೇ ಗುರುತಿಸಬೇಕು.