ಬೆಂಕಿಗೆ ಬಾಗುವ ಬೀಟೆ

1862ರಲ್ಲಿ ಸ್ಪೇನಿನ ಆಂಟೋನಿಯೊ ಡೆ ಟೊರೆಸ್ ಒಂದು ವಿಚಿತ್ರ ಗಿಟಾರು ಕಟ್ಟಿದ. ಮುಂದಿನ ಹಲಗೆ ಎಂದಿನಂತೆ ಮರದ್ದೇ; ಬೆನ್ನು ಮತ್ತು ಪಕ್ಕಗಳು ಮಾತ್ರ ಕಾಗದದ ರಟ್ಟಿನವು. ನಾದ ಹುಟ್ಟುವುದು ತಂತಿಗಳ ಕೆಳಗಿನ ಹಲಗೆಯಲ್ಲಿ ಎಂದು ಲೋಕಕ್ಕೆ ತೋರಿಸಿಕೊಡುವುದು ಅವನ ಉದ್ದೇಶ. ಆ ವಾದ್ಯ ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಹೀಗೆ ರಟ್ಟಿನಲ್ಲೂ ಪಕ್ಕ ಕಟ್ಟಿ ತೋರಿಸಿದ ಟೊರೆಸ್, ಉಳಿದ ಗಿಟಾರುಗಳಿಗೆ ಸೈಪ್ರೆಸ್, ಮೇಪಲ್, ರೋಸ್‌ವುಡ್ ಪಟ್ಟಿಗಳನ್ನೇ ಬಾಗಿಸಿದ. ಗಿಟಾರಿನ ಆಕಾರ ನಿಂತಿರುವುದು ಆ ಪಟ್ಟಿಗಳ ಮೇಲೆ. ಭುಜದಿಂದ ಇಳಿದು, ಸೊಂಟದಲ್ಲಿ ಒಳಸರಿದು, ಮತ್ತೆ ಉಬ್ಬಿ ಬುಡಕ್ಕೆ ಬರುವ ಆ ಸಾಲು ಸ್ವಲ್ಪ ತಪ್ಪಿದರೂ ಮೇಲಿನ ಹಲಗೆ ಸರಿಯಾಗಿ ಕೂರುವುದಿಲ್ಲ. ಹಾಡುವ ಹಲಗೆಗೆ ಸಿಕ್ಕ ಹೊಗಳಿಕೆಯಲ್ಲಿ ಕಾಲುಪಾಲೂ ಈ ಪಕ್ಕಗಳಿಗೆ ಸಿಕ್ಕಿಲ್ಲ.

ಟೊರೆಸ್ ಮೂಲತಃ ಬಡಗಿ. ಗಿಟಾರಿನ ಚರಿತ್ರೆಯಲ್ಲಿ ಬಡಗಿಗಳ ಪಾತ್ರ ದೊಡ್ಡದು, ಅದಕ್ಕಾಗಿ ಅವರು ಜಗಳವನ್ನೂ ಆಡಬೇಕಾಯಿತು. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಮಾರ್ಕ್‌ನೊಯ್‌ಕಿರ್ಶೆನ್ ಪಿಟೀಲು ತಯಾರಕರ ಊರು. ಅಲ್ಲಿ ಮಾರ್ಟಿನ್ ಮನೆತನ ಪೀಠೋಪಕರಣ ಮಾಡುವ ಬಡಗಿಗಳ ಸಂಘಕ್ಕೆ ಸೇರಿತ್ತು. ಗಿಟಾರು ಸಂಗೀತವಾದ್ಯ, ಅದನ್ನು ಮಾಡುವ ಹಕ್ಕು ನಮ್ಮದು, ಮಂಚ ಮೇಜು ಮಾಡುವವರಿಗೆ ಇಲ್ಲೇನು ಕೆಲಸ ಎಂಬುದು ಪಿಟೀಲಿನವರ ತಕರಾರು. ವಿಯೆನ್ನಾದಲ್ಲಿ ಗಿಟಾರು ತಯಾರಕ ಯೋಹಾನ್ ಗಿಯೋರ್ಗ್ ಸ್ಟೌಫರ್‌ನ ಬಳಿ ಕೆಲಸ ಕಲಿತಿದ್ದ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ ಈ ಕಿತ್ತಾಟದಿಂದ ಬೇಸತ್ತು 1833ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದ. ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ನಜರೆತ್ ಊರಲ್ಲಿ ನೆಲೆಯೂರಿದ. ಅವನ ಹೆಸರಿನ ಕಂಪನಿ ಇಂದಿಗೂ ಅಲ್ಲೇ ಇದೆ.

ಬಾಗಿಸುವ ಕೆಲಸದ ಮೂಲ ರೀತಿ ಅಂದಿನಿಂದ ಹೆಚ್ಚು ಬದಲಾಗಿಲ್ಲ. ಪಟ್ಟಿಯನ್ನು ಸುಮಾರು 2 ಮಿಲಿಮೀಟರಿಗೆ ತೋಪಡಾ ಹೊಡೆದು ತೆಳುವಾಗಿಸಿ, ನೀರು ಸವರಿ, ಕಾದ ಲೋಹದ ಕೊಳವೆಗೆ ಒತ್ತುತ್ತಾರೆ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟು ಬಿಸಿಗೆ ಮೆತ್ತಗಾಗುತ್ತದೆ, ತಣಿದಾಗ ಮತ್ತೆ ಬಿಗಿಯುತ್ತದೆ. ನೀರು ಶಾಖವನ್ನು ಒಳಕ್ಕೆ ಒಯ್ಯುತ್ತದೆ, ಮೇಲ್ಮೈ ಸುಡದಂತೆ ಕಾಯುತ್ತದೆ. ಉಳಿದದ್ದೆಲ್ಲ ಹದ. ಬೆಲ್ಲದ ಎಳೆಪಾಕವನ್ನು ಬೆರಳ ತುದಿಯಲ್ಲಿ ತಿಳಿಯುವವರಂತೆ, ಮರ ಬಿಗಿ ಬಿಟ್ಟು ಒಪ್ಪಿಕೊಂಡ ಕ್ಷಣವನ್ನು ಅಂಗೈ ತಿಳಿಯಬೇಕು. ಅವಸರಪಟ್ಟರೆ ಸೊಂಟದ ತಿರುವಿನಲ್ಲಿ ಲಟಕ್ಕೆಂದು ಸೀಳುತ್ತದೆ. ಸುರುಳಿ ಎಳೆಯ ಚೆಂದದ ಮೇಪಲ್ ಈ ವಿಷಯದಲ್ಲಿ ತೀರಾ ಹಟಮಾರಿ. ಎಡ ಬಲದ ಪಟ್ಟಿಗಳನ್ನು ಒಂದೇ ಹಲಗೆಯಿಂದ ಸೀಳಿರುವುದರಿಂದ ಒಂದು ಮುರಿದರೆ ಇನ್ನೊಂದು ಒಂಟಿಯಾಗುತ್ತದೆ.

ಬಾಗಿಸುವುದೇ ತಪ್ಪು ಎಂದವರೂ ಇದ್ದರು. ಅಮೆರಿಕದ ಕಲಮಝೂ ಊರಿನ ಆರ್ವಿಲ್ ಗಿಬ್ಸನ್ 1898ರಲ್ಲಿ ಮ್ಯಾಂಡೋಲಿನ್‌ಗೆ ಪೇಟೆಂಟ್ ಪಡೆದಾಗ, ಪಕ್ಕಗಳನ್ನು ಇಡೀ ಮರದಿಂದಲೇ ಕೊರೆದು ತೆಗೆಯುವ ವಿಧಾನ ಹೇಳಿದ. ಬಲವಂತಕ್ಕೆ ಒಳಗಾಗದ ಮರ ಚೆನ್ನಾಗಿ ಕಂಪಿಸುತ್ತದೆಂಬುದು ಅವನ ನಂಬಿಕೆ. ಹಲಸಿನ ದಿಮ್ಮಿ ತೋಡಿ ವೀಣೆಯ ಕೊಡ ಮಾಡುವ ನಮ್ಮವರಿಗೆ ಈ ಯೋಚನೆ ಹೊಸದೆನಿಸದು. ಆದರೆ ಕೊರೆದ ಪಕ್ಕಕ್ಕೆ ಮರವೂ ಹೆಚ್ಚು, ದುಡಿಮೆಯೂ ಹೆಚ್ಚು. ಅವನ ಹೆಸರು ಹೊತ್ತ ಕಂಪನಿಯೇ ಬೇಗನೆ ಬಾಗಿಸಿದ ಪಟ್ಟಿಗೆ ಮರಳಿತು.

ಮಾರ್ಟಿನ್ ಹುಟ್ಟಿದ 1796ರಲ್ಲೇ ಹುಟ್ಟಿದ ಇನ್ನೊಬ್ಬ ಬಡಗಿ ಮಿಖಾಯೆಲ್ ಥೋನೆಟ್. ಹಬೆಗೆ ಬಾಗಿಸಿದ ಬೀಚ್ ಮರದ ಅವನ ಕುರ್ಚಿಗಳು ಜಗತ್ತಿನ ಹೋಟೆಲುಗಳನ್ನೆಲ್ಲ ತುಂಬಿದವು. ಬಿಸಿಯಾದ ಮರ ಕುಗ್ಗಲು ಒಪ್ಪುತ್ತದೆ, ಹಿಗ್ಗಲು ಒಪ್ಪುವುದಿಲ್ಲ. ಹಾಗಾಗಿ ತಿರುವಿನ ಹೊರಮೈಗೆ ಲೋಹದ ಪಟ್ಟಿ ಬಿಗಿದರೆ ನಾರು ಕಿತ್ತುಬರುವುದಿಲ್ಲ ಎಂಬುದು ಅವನ ಉಪಾಯ. 1970ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಫಾಕ್ಸ್ ರೂಪಿಸಿದ ಗಿಟಾರು ಬಾಗಿಸುವ ಯಂತ್ರದಲ್ಲೂ ಮರಕ್ಕೆ ಉಕ್ಕಿನ ತಗಡಿನ ಆಸರೆ ಇದೆ. ಮೊದಮೊದಲು ಶಾಖಕ್ಕಾಗಿ ಅದರಲ್ಲಿ ಮಾಮೂಲಿ ವಿದ್ಯುತ್ ಬಲ್ಬುಗಳನ್ನು ಉರಿಸುತ್ತಿದ್ದರು. ಮನೆಯ ಶೆಡ್ಡಿನಲ್ಲಿ ಒಬ್ಬರೇ ಕೂತು ಗಿಟಾರು ಕಟ್ಟುವವರಿಗೆ ಅದು ದೊಡ್ಡ ಧೈರ್ಯ ಕೊಟ್ಟಿತು.

ಈ ಕಥೆಗೆ ಕನ್ನಡ ನಾಡು ಸೇರುವುದು ಮರದ ಮೂಲಕ. ಬಹುಕಾಲ ಗಿಟಾರು ಲೋಕದ ಮೆಚ್ಚಿನ ಮರ ಬ್ರೆಜಿಲಿನ ರೋಸ್‌ವುಡ್. 1960ರ ದಶಕದ ಕೊನೆಗೆ ಅದರ ದಿಮ್ಮಿಗಳು ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿಸಿತು. ಅದೇ ನಮ್ಮ ಬೀಟೆ. ಪಶ್ಚಿಮಘಟ್ಟದ ಕಾಡಿನದು, ಮಲೆನಾಡಿನ ಹಳೆ ಮನೆಗಳ ಮಂಚ ಬಾಗಿಲುಗಳದು, ಮೈಸೂರಿನ ಕುಸುರಿ ಕೆಲಸಕ್ಕೆ ಕಪ್ಪು ಹಿನ್ನೆಲೆಯಾಗುವುದು. ನೇರ ಎಳೆಯ ಬೀಟೆ ಪಟ್ಟಿ ಕೊಳವೆಗೆ ಚೆನ್ನಾಗಿ ಮಣಿಯುತ್ತದೆ. 2017ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವು ಈ ಮರದ ಇಡೀ ಕುಲವನ್ನು ನಿಯಂತ್ರಣಕ್ಕೆ ಒಳಪಡಿಸಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ವಾದ್ಯ ಹೊತ್ತು ಗಡಿ ದಾಟುವ ಕಲಾವಿದರಿಗೆ ಈ ಸಡಿಲಿಕೆ ನ್ಯಾಯವೇ ಆಗಿತ್ತು. ಆದರೂ ನಿಧಾನವಾಗಿ ಬೆಳೆಯುವ ಮರಕ್ಕೆ ಕಾವಲು ಬೇಕೇ ಬೇಕು.

ಮರ ಅಪರೂಪವಾದಷ್ಟೂ ದುರಸ್ತಿಯ ಬೆಲೆ ಏರಿತು. ಒಣ ಹವೆಯಲ್ಲಿ ಮರ ಕುಗ್ಗಿದರೆ, ಗಿಟಾರು ಕೈಜಾರಿ ಬಿದ್ದರೆ, ಪಕ್ಕ ಎಳೆಗುಂಟ ಬಿರಿಯುತ್ತದೆ. ಹಳೆಯ ಮಾರ್ಟಿನ್ ಗಿಟಾರುಗಳ ಒಳಗೆ ಪಕ್ಕಕ್ಕೆ ಅಲ್ಲಲ್ಲಿ ಬಟ್ಟೆಯ ಪಟ್ಟಿ ಅಂಟಿಸಿರುವುದು ಬಿರುಕು ಓಡದಿರಲೆಂದೇ. ಬಿರುಕು ಬಿಟ್ಟ ಮೇಲೆ ದುರಸ್ತಿಗಾರ ಅಂಟು ಊಡಿ, ನಾದರಂಧ್ರದೊಳಗೆ ಕೈ ತೂರಿಸಿ, ಕನ್ನಡಿಯಲ್ಲಿ ನೋಡುತ್ತ, ಒಳಗಿನಿಂದ ಚಿಕ್ಕ ಮರದ ತೇಪೆ ಕೂರಿಸುತ್ತಾನೆ. ತೇಪೆಯ ಎಳೆ ಬಿರುಕಿಗೆ ಅಡ್ಡಲಾಗಿರಬೇಕು.

ತೂತೇ ಬಿದ್ದಿದ್ದರೆ ಕೆಲಸ ಬೇರೆ. ಅದೇ ಬಣ್ಣದ, ಅದೇ ಎಳೆಯ ಬೀಟೆಗಾಗಿ ಮುರಿದ ಗಿಟಾರುಗಳ ಚೂರುಗಳನ್ನು ತಡಕಾಡಬೇಕು. ಸಿಕ್ಕ ತುಂಡನ್ನು 2 ಮಿಲಿಮೀಟರಿಗೆ ಇಳಿಸಿ, ಅಂಗೈಯಗಲದ ಆ ಚೂರಿಗಾಗಿ ಕೊಳವೆಯನ್ನು ಮತ್ತೆ ಕಾಯಿಸಬೇಕು.