ಅಂತೆ ಕಂತೆ ಮತ್ತು ಕಪ್ಪು ಪೆಟ್ಟಿಗೆ

ಮಲ್ಲಿಪಟ್ಟಣದ ರಸ್ತೇಲೋ ಹೊಳೆನರಸೀಪುರದ ರಸ್ತೇಲೋ ಒಂದು ಆಕ್ಸಿಡೆಂಟ್ ಆಯ್ತು ಅಂತಿಟ್ಕೊಳ್ಳಿ. ಹತ್ತು ನಿಮಿಷದಲ್ಲಿ ಊರೇ ಅಲ್ಲಿರುತ್ತೆ. ಗಾಯಾಳುಗಳನ್ನ ಎತ್ತಿ ಸಾಗಿಸ್ತಾರೆ, ಒಳ್ಳೇದು. ಆಮೇಲೆ ಜೆಸಿಬಿ ಬರುತ್ತೆ. ಗಾಡಿ ಪಕ್ಕಕ್ಕೆ, ಗಾಜಿನ ಚೂರು ಚರಂಡಿಗೆ, ರಕ್ತದ ಮೇಲೆ ಒಂದು ಬಾಂಡ್ಲಿ ಮಣ್ಣು. ಟ್ರಾಫಿಕ್ ಕ್ಲಿಯರ್! "ಬ್ರೇಕ್ ಫೇಲ್ ಅಂತೆ" ಅಂತ ಒಬ್ಬ, "ಕುಡಿದಿದ್ದನಂತೆ" ಅಂತ ಇನ್ನೊಬ್ಬ. ಸಂಜೆ ಹೊತ್ತಿಗೆ ಆ ಜಾಗದಲ್ಲಿ ಉಳಿಯೋದು ಈ ಅಂತೆ ಕಂತೆ ಮಾತ್ರ. ಸತ್ತವರ ಮನೆಯವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯೋದು ಇದೇ ಅಂತೆ ಕಂತೆಗಳನ್ನ ಕಟ್ಟಿಕೊಂಡು.

ಹಾಗಾದರೆ ಜಾಗವನ್ನ ಕಾಪಾಡಿದರೆ ಏನು ಸಿಗುತ್ತೆ? ಉತ್ತರ ಬೇಕಾದರೆ ಮಂಗಳೂರಿಗೆ ಹೋಗಬೇಕು.

2010ರ ಮೇ 22, ಬೆಳಗ್ಗೆ ಆರು ಗಂಟೆ ದಾಟಿತ್ತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಬಿತ್ತು. ಒಳಗಿದ್ದವರು 166 ಜನ. ಸತ್ತವರು 158, ಬದುಕಿದವರು ಎಂಟೇ ಎಂಟು ಜನ. ಮಂಗಳೂರು, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಅವತ್ತು ಒಲೆ ಹೊತ್ತಲಿಲ್ಲ.

ಮೊದಲ ದಿನ ಯಾರಿಗೂ ಏನೂ ಅರ್ಥ ಆಗಲಿಲ್ಲ. ಮಳೆ ಇರಲಿಲ್ಲ, ರನ್‌ವೇ ಕಾಣದಂಥ ಮಂಜೂ ಇರಲಿಲ್ಲ. ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆ ಮೀರಿದ ಅನುಭವ. ವಿಮಾನವೂ ಹಳೇದಲ್ಲ. ಹಾಗಾಗಿ ಎಲ್ಲರೂ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ ಕಡೆ ಬೆರಳು ತೋರಿಸಿದರು.

ಅದೇ ಹೊತ್ತಿಗೆ ಕಮರಿಯಲ್ಲಿ ಹುಡುಕಾಟ ನಡೀತಾ ಇತ್ತು. ಮರುದಿನ ಪೈಲಟ್‌ಗಳ ಮಾತು ದಾಖಲಿಸುವ ಯಂತ್ರ ಸಿಕ್ಕಿತು. ಅದಾದ ಎರಡು ದಿನಕ್ಕೆ ಹಾರಾಟದ ಲೆಕ್ಕ ಬರೆದಿಡುವ ಯಂತ್ರವೂ ಸಿಕ್ಕಿತು. ಬ್ಲ್ಯಾಕ್ ಬಾಕ್ಸ್ ಅಂತೀವಲ್ಲ, ಅದು ಇದೇ. ಹೆಸರಿಗೆ ಕಪ್ಪು, ಅದರ ಬಣ್ಣ ಮಾತ್ರ ಕಿತ್ತಳೆ. ಅವಶೇಷದ ನಡುವೆ ಕಣ್ಣಿಗೆ ಬೀಳಲಿ ಅಂತಲೇ ಆ ಬಣ್ಣ.

ವಾಯುಪಡೆಯ ಮಾಜಿ ಉಪ ಮುಖ್ಯಸ್ಥ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖಾ ತಂಡ ಅದನ್ನ ಕೇಳಿಸಿಕೊಂಡಾಗ ಹೊರಬಿದ್ದ ಸತ್ಯ ಯಾರೂ ಊಹಿಸಿದ್ದಲ್ಲ. ಎರಡು ಗಂಟೆ ಐದು ನಿಮಿಷದ ರೆಕಾರ್ಡಿಂಗ್‌ನಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಗೊರಕೆ ಕೂಡ ಕೇಳಿಸುತ್ತೆ. ಎದ್ದ ಮೇಲೂ ಆ ಮಂಪರು ಬಿಟ್ಟಿರಲಿಲ್ಲ. ಇಳಿಯೋದು ಬೇಡ, ಮೇಲೇರಿ ಸುತ್ತಿ ಬರೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದರು. 8,033 ಅಡಿ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ಬ್ರೇಕ್ ಹಾಕಿ, ಮತ್ತೆ ಮೇಲೇರಲು ಹೋದಾಗ ರನ್‌ವೇ ಆಚೆಯ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಲ ರೆಕ್ಕೆ ಬಡಿಯಿತು.

ನೋಡಿ, ಆ ಪೆಟ್ಟಿಗೆಗಳು ಸಿಗದೇ ಹೋಗಿದ್ದರೆ ಬರೀ ರನ್‌ವೇ ತಲೆಗೆ ಕಟ್ಟಿ ಫೈಲ್ ಮುಚ್ಚುತ್ತಿದ್ದರು. ಪೈಲಟ್‌ಗಳ ದಣಿವು, ಹಿರಿಯರು ತಪ್ಪು ಮಾಡುವಾಗ ಕಿರಿಯರ ಮಾತಿಗೆ ಬೆಲೆ ಇಲ್ಲದಿರೋದು, ದಾರಿಗಡ್ಡ ನಿಂತ ಗಟ್ಟಿ ಕಟ್ಟೆ, ಇವು ಯಾವುವೂ ಚರ್ಚೆಗೇ ಬರುತ್ತಿರಲಿಲ್ಲ.

ಬೆಂಗಳೂರಿಗೂ ಇಂಥದೇ ಪಾಠ ಆಗಿತ್ತು. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಹೊಸ ಎ320 ವಿಮಾನ ಎಚ್‌ಎಎಲ್ ನಿಲ್ದಾಣದ ಪಕ್ಕದ ಗಾಲ್ಫ್ ಮೈದಾನಕ್ಕೆ ಬಡಿದು 92 ಜನ ಸತ್ತರು. ಕಂಪ್ಯೂಟರ್ ವಿಮಾನವೇ ಸರಿ ಇಲ್ಲ ಅಂತ ಗಲಾಟೆ ಎದ್ದು ಆ ಮಾದರಿಯ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿದರು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ವಿಚಾರಣೆಗೆ ದಾರಿ ತೋರಿದ್ದೂ ರೆಕಾರ್ಡರ್‌ಗಳೇ. ಇಳಿಯುವ ಕೊನೇ ಹಂತದಲ್ಲಿ ಎಂಜಿನ್‌ಗಳು ಐಡಲ್‌ನಲ್ಲಿದ್ದವು. ಪೈಲಟ್‌ಗಳಿಗೆ ಅದು ಗೊತ್ತಾಗುವಾಗ ಹೊತ್ತು ಮೀರಿತ್ತು.

ವಿಮಾನದಲ್ಲಿ ಪೆಟ್ಟಿಗೆ ಇರುತ್ತೆ, ನಮ್ಮೂರ ರಸ್ತೇಲಿ ಎಲ್ಲಿಂದ ಬರಬೇಕು ಸ್ವಾಮಿ ಅಂತೀರಾ? ರಸ್ತೆಯೇ ಪೆಟ್ಟಿಗೆ! ಒಣಗಿದ ಟಾರಿನ ಮೇಲೆ 30 ಮೀಟರ್ ಉದ್ದದ ಬ್ರೇಕ್ ಗುರುತು ಬಿದ್ದಿದ್ದರೆ ಆ ಗಾಡಿ ಸುಮಾರು 70 ಕಿಲೋಮೀಟರ್ ವೇಗದಲ್ಲಿತ್ತು ಅಂತ ಪಿಯುಸಿ ಫಿಸಿಕ್ಸ್ ಲೆಕ್ಕದಲ್ಲೇ ಹೇಳಬಹುದು. ಗುರುತೇ ಇಲ್ಲ ಅಂದರೆ ಅದಕ್ಕೂ ಒಂದು ಕಾರಣ ಹುಡುಕಬೇಕು. ಚಾಲಕ ನಿದ್ದೆಗೆ ಜಾರಿದ್ದನಾ, ಬ್ರೇಕ್ ಹಿಡಿಯಲಿಲ್ವಾ? ಒಂದು ಜೋರು ಮಳೆ, ಒಂದು ಪೊರಕೆ ಸಾಕು, ಈ ಸಾಕ್ಷಿ ಹೋಯ್ತು.

2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆ ಮೇಲೆ ಟ್ರಕ್ ನುಗ್ಗಿತು. ಸತ್ತವರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗರಿದ್ದರು. ಅಂಥ ಜಾಗದಲ್ಲಿ ಕೇಳಬೇಕಾದ್ದು ಚಾಲಕ ಯಾರು ಅನ್ನೋದೊಂದೇ ಅಲ್ಲ. ವೇಗ ಎಷ್ಟಿತ್ತು, ಡಿವೈಡರ್ ಹೇಗಿತ್ತು, ಬೆಳಕು ಎಷ್ಟಿತ್ತು, ಮೆರವಣಿಗೆಗೆ ರಸ್ತೆ ಬಿಡಿಸಿದ್ದರಾ ಇಲ್ವಾ, ಇದೆಲ್ಲ ಅಳತೆ ಸಮೇತ ಬರೆದಿಡಬೇಕು.

ಅದೇ ವರ್ಷ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆ ಹೃದಯಾಘಾತದ ಸುದ್ದಿಗೆ ನಡುಗಿತ್ತಲ್ಲ, ನೆನಪಿದೆಯಾ? ಲಸಿಕೆ ಅಂತೆ, ನೀರು ಅಂತೆ, ಊಟ ಅಂತೆ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು. ತಜ್ಞರ ಸಮಿತಿ ಕೂತು ನೋಡಿದರೆ, ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯ ಕಾರಣವೇ ಅಲ್ಲ. ಇನ್ನು ಕೆಲವಕ್ಕೆ ಖಚಿತ ಕಾರಣ ಹೇಳಲು ಮರಣೋತ್ತರ ಪರೀಕ್ಷೆಯೇ ಆಗಿರಲಿಲ್ಲ. ಆಸ್ಪತ್ರೆ ಹೊರಗಿನ ಹಠಾತ್ ಸಾವಿಗೆ ಆ ಪರೀಕ್ಷೆ ಕಡ್ಡಾಯ ಅಂತ ಸರ್ಕಾರ ಹೇಳಿದ್ದು ಆಮೇಲೆ.

ಕಾನೂನು ಏನನ್ನುತ್ತೆ? 2024ರ ಜುಲೈ 1ರಿಂದ ಬಂದಿರುವ ಹೊಸ ಸಂಹಿತೆಯ ಪ್ರಕಾರ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ಆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೋ ಆಗಬೇಕು. ರಾಜ್ಯಗಳಿಗೆ ಇದಕ್ಕೆ ಐದು ವರ್ಷ ಗಡುವಿದೆ. ಆದರೆ ನಿರ್ಲಕ್ಷ್ಯದಿಂದ ಆದ ಸಾವಿಗೆ ಸಾಮಾನ್ಯವಾಗಿ ಇರೋದು ಐದು ವರ್ಷದವರೆಗಿನ ಶಿಕ್ಷೆ. ಅಂದರೆ ನಮ್ಮಲ್ಲಿ ದಿನಾ ಆಗುವ ರಸ್ತೆ ಸಾವು, ಗೋಡೆ ಕುಸಿತ ಬಹುತೇಕ ಈ ಕಡ್ಡಾಯದ ಆಚೆಗೇ ಉಳಿಯುತ್ತವೆ.

ರೈಲು ಅಪಘಾತ ಆದರೆ ರೈಲ್ವೆ ಸುರಕ್ಷತಾ ಆಯುಕ್ತರು ಬರುತ್ತಾರೆ. ಅವರು ರೈಲ್ವೆ ಸಚಿವಾಲಯದ ಕೆಳಗಿಲ್ಲ, ವಿಮಾನಯಾನ ಸಚಿವಾಲಯದ ಕೆಳಗಿದ್ದಾರೆ. ವಿಮಾನಕ್ಕೆ 2012ರಿಂದ ಪ್ರತ್ಯೇಕ ತನಿಖಾ ಬ್ಯೂರೋ ಇದೆ. ರಸ್ತೆಗೆ? ಗುಂಡಿ ಬಿಟ್ಟವರೇ ಗುಂಡಿಯ ವರದಿ ಬರೆದರೆ ಹೇಗೆ?

ಜೀವ ಉಳಿಸೋದು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಗಾಯಾಳು ಹೋದ ಮೇಲೆ ಮಾತ್ರ ಹತ್ತು ಹೆಜ್ಜೆ ಹಿಂದೆ ಸರೀರಿ. ಗಾಡಿ ಎಳೆಯೋ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ಆಗಲಿ, ಗುರುತುಗಳ ಅಳತೆ ಆಗಲಿ. ಮೈಕ್ ಹಿಡಿದವರೂ ಆ ಗೆರೆ ಆಚೆಗೇ ನಿಲ್ಲಲಿ.

ಮಂಗಳೂರಿನ ಕೂಳೂರಿನಲ್ಲಿ ಗುರುತು ಸಿಗದ 12 ದೇಹಗಳನ್ನ ಒಟ್ಟಿಗೆ ಮಣ್ಣು ಮಾಡಿದ್ದಾರೆ. ಆ ಮನೆಗಳಿಗೆ ತಮ್ಮವರು ಎಲ್ಲಿ ಅನ್ನೋದಕ್ಕೆ ಇವತ್ತಿಗೂ ಉತ್ತರವಿಲ್ಲ. ಯಾಕೆ ಸತ್ತರು ಅನ್ನೋದಕ್ಕಾದರೂ ಉತ್ತರ ಇದೆ. ನಮ್ಮೂರ ರಸ್ತೇಲಿ ಸತ್ತವರ ಮನೆಗೆ ಅಷ್ಟಾದರೂ ಕೊಡೋಣ.